ಕೆಂಪು ಲಂಗದ ಮೇಲಿನ ಓಲೆ

ನಾನು ಬಿ.ಎ. ತರಗತಿಗೆ ಸೇರಿದ್ದು ಇಷ್ಟಪಟ್ಟಲ್ಲ. ಬಯಸಿದ ಬೇರೆ ಸೀಟು ದೊರೆಯದೆ. "ಇದನ್ನೋದಿ ಏನು ಮಾಡುತ್ತೀಯೆ?" ಎಂದವರ ಮುಂದೆ ತಲೆ ತಗ್ಗಿಸಿಯೇ ಒಂದು ವರ್ಷ ಕಳೆದೆ. ಅಂಥ ದಿನಗಳಲ್ಲೊಮ್ಮೆ ವಾಚನಾಲಯದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೊರಿಯಾದ ಕವಿ, ಪಂಡಿತ ಚೊಂಗ್ ಯಾಗ್ಯೊಂಗನ ಕಥೆ.

ಈತ ಹುಟ್ಟಿದ್ದು 1762ರಲ್ಲಿ. 'ತಾಸಾನ್' ಎಂದು ಪ್ರಸಿದ್ಧ. ಚಹದ ಬೆಟ್ಟ ಎಂದು ಆ ಹೆಸರಿನ ಅರ್ಥ. ದೊರೆ ಚೊಂಗ್‌ಜೊನಿಗೆ ಬೇಕಾದವನಾಗಿ, ಹ್ವಾಸೊಂಗ್ ಕೋಟೆಯ ಭಾರವಾದ ಕಲ್ಲುಗಳನ್ನೆತ್ತಲು ರಾಟೆಯ ಯಂತ್ರವನ್ನು ಯೋಜಿಸಿಕೊಟ್ಟ ಮೇಧಾವಿ. 1800ರಲ್ಲಿ ದೊರೆ ತೀರಿಕೊಂಡ. ಮರುವರ್ಷವೇ ಕ್ರೈಸ್ತರ ಮೇಲೆದ್ದ ದಮನದಲ್ಲಿ ಒಬ್ಬ ಅಣ್ಣನ ತಲೆ ಹೋಯಿತು. ಇನ್ನೊಬ್ಬ ಅಣ್ಣನೂ ತಾಸಾನನೂ ಗಡಿಪಾರಾದರು.

ದಕ್ಷಿಣದ ಕಾಂಗ್‌ಜಿನ್ ಊರಿನಲ್ಲಿ ಈ ಅಪರಾಧಿಗೆ ಆಸರೆ ಕೊಟ್ಟವಳು ಹೆಂಡದಂಗಡಿಯ ಮುದುಕಿ. ಅಲ್ಲಿಯ ಒಂದು ಕೋಣೆಯಲ್ಲಿ ಕುಳಿತೇ ಆತ ಓದಿದ, ಬರೆದ. ಸತ್ತ ತಂದೆಯ ಹೆಸರಿನಲ್ಲೂ ಹಸುಗೂಸಿನ ಹೆಸರಿನಲ್ಲೂ ಸೇನಾತೆರಿಗೆ ತೆರಬೇಕಾದ ಬಡವನೊಬ್ಬನ ಗೋಳನ್ನು 1803ರಲ್ಲಿ ಪದ್ಯವಾಗಿಸಿದ.

ಕಳಂಕ ಹೊತ್ತ ಮನೆತನದ ಮಕ್ಕಳಿಗೆ ಅಧಿಕಾರದ ಬಾಗಿಲು ಮುಚ್ಚಿತ್ತು. ಹಾಗಾದರೆ ಓದುವುದೇತಕ್ಕೆ? ತಂದೆ ಬರೆದ ಓಲೆಗಳ ತಾತ್ಪರ್ಯವಿಷ್ಟು: ನಮಗುಳಿದಿರುವುದು ಓದೊಂದೇ, ಪರೀಕ್ಷೆಯ ಹಂಗಿಲ್ಲದವರಿಗೇ ನಿಜವಾದ ಓದು ಸಾಧ್ಯ. ಈ ಮಾತನ್ನು ನಾನು ಎರಡು ಸಲ ಓದಿದೆ. ನನಗೇ ಹೇಳಿದಂತಿತ್ತು.

ಹೆಂಡತಿ ತನ್ನ ಮದುವೆಯ ಕೆಂಪು ಲಂಗವನ್ನು, ಬಣ್ಣ ಮಾಸಿದ್ದನ್ನು, ಅವನಿಗೆ ಕಳುಹಿಸಿದಳು. 1810ರಲ್ಲಿ ತಾಸಾನ್ ಅದನ್ನು ಕತ್ತರಿಸಿ ಪುಟ್ಟ ಪುಸ್ತಕಗಳನ್ನು ಮಾಡಿ ಮಕ್ಕಳಿಗೆ ಬುದ್ಧಿಮಾತು ಬರೆದ. ಕೊಡಲು ಹೊಲಗದ್ದೆಯಿಲ್ಲ, ಶ್ರಮ, ಮಿತವ್ಯಯ ಎಂಬೆರಡು ಮಾತುಗಳೇ ಆಸ್ತಿ ಎಂದ. 1813ರಲ್ಲಿ ಉಳಿದ ಬಟ್ಟೆಯ ಮೇಲೆ ಹೂಬಿಟ್ಟ ಕೊಂಬೆಯನ್ನೂ ಜೋಡಿ ಹಕ್ಕಿಗಳನ್ನೂ ಬರೆದು ಮಗಳಿಗೆ ಕೊಟ್ಟ. ಆ ಪುಸ್ತಕಗಳಲ್ಲಿ ಮೂರು ಇಂದಿಗೂ ಸೋಲ್ ನಗರದ ವಸ್ತುಸಂಗ್ರಹಾಲಯದಲ್ಲಿವೆ.

ಹದಿನೆಂಟು ವರ್ಷಗಳ ಮೇಲೆ, 1818ರಲ್ಲಿ, ಬಿಡುಗಡೆಯಾಯಿತು. ಪ್ರಜೆಗಳನ್ನು ಪಾಲಿಸುವ ಅಧಿಕಾರಿಗಳಿಗಾಗಿ 'ಮೊಂಗ್‌ಮಿನ್ ಸಿಮ್‌ಸೊ' ಎಂಬ ದೊಡ್ಡ ಗ್ರಂಥವನ್ನು ಅದೇ ವರ್ಷ ಮುಗಿಸಿದ. 1836ರಲ್ಲಿ, ಮದುವೆಯಾಗಿ ಅರುವತ್ತು ವರ್ಷ ತುಂಬಿದ ದಿನವೇ, ಕಣ್ಣು ಮುಚ್ಚಿದ. ಅಧಿಕಾರ ಕಾಣದ ಕಿರಿಯ ಮಗ ಹಗ್ಯು, ತಿಂಗಳು ತಿಂಗಳಿನ ಬೇಸಾಯವನ್ನು ಹೇಳುವ ಹಾಡನ್ನು ರೈತರಿಗಾಗಿ ಕಟ್ಟಿದ. ಓದು ವ್ಯರ್ಥವಾಯಿತೆನ್ನೋಣವೆ?

ಮೊನ್ನೆ ಊರಿಗೆ ಹೋದಾಗ ಸೋದರಮಾವ ಅದೇ ಹಳೆಯ ಪ್ರಶ್ನೆ ಕೇಳಿದರು. "ಸದ್ಯಕ್ಕೆ ಓದುತ್ತೇನೆ, ಮಾವ" ಎಂದೆ. ಈ ಸಲ ತಲೆ ತಗ್ಗಿಸಲಿಲ್ಲ.