ಮುಚ್ಚಿಟ್ಟ ಅಂಕಪಟ್ಟಿ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಗೃಹಸ್ಥರ ಮನೆಗಳಲ್ಲಿ ಎಂತಹ ಕಳವಳವಿರುವುದೆಂಬುದು ವಾಚಕರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಒಳ್ಳೆಯ ಅಂಕಗಳು ಬಂದ ಮನೆಯವರು ನೆರೆಹೊರೆಗೆಲ್ಲ ಸಕ್ಕರೆ ಹಂಚುವರು. ಬಾರದ ಮನೆಯವರು ಮೂರು ದಿನ ಕದವನ್ನು ಅರೆಮುಚ್ಚಿಕೊಂಡಿರುವರು. ಅಂತಹ ಒಂದು ಕದದ ಹಿಂದೆ ನಡೆದುದನ್ನು, ಅದರಲ್ಲಿ ನಮ್ಮ ತಪ್ಪೂ ಸೇರಿರುವುದರಿಂದ, ಇಲ್ಲಿ ಬಿನ್ನವಿಸಬೇಕೆಂದಿದ್ದೇವೆ.

ನಮ್ಮ ತಂಗಿಯ ಮಗನು 2023ರಲ್ಲಿ ಬಿ.ಕಾಂ. ಮುಗಿಸಿದನು. ಬಂದುದು ಶೇಕಡಾ 51 ಅಂಕ; ಅದರಲ್ಲಿಯೂ ಲೆಕ್ಕಶಾಸ್ತ್ರದ ಒಂದು ಪತ್ರಿಕೆಯನ್ನು ಎರಡನೆಯ ಸಲ ಬರೆದು ದಾಟಿದ್ದನು. ಹುಡುಗನಿಗೆ ಹಣಕಾಸಿನ ಉದ್ಯೋಗದಲ್ಲಿಯೇ ಆಸೆ. ಆದರೆ ಕಾಲೇಜಿಗೆ ಬಂದ ದೊಡ್ಡ ಸಂಸ್ಥೆಯವರು ಶೇಕಡಾ 60ಕ್ಕೆ ಕಡಮೆಯಿದ್ದವರನ್ನು ಮಾತನಾಡಿಸಲೂ ಇಲ್ಲ. ಒಂದು ಸಂಜೆ ತಂಗಿಯು ನಮ್ಮಲ್ಲಿಗೆ ಬಂದು, "ಅಣ್ಣಾ, ನೀನೊಮ್ಮೆ ಬಾ. ಇನ್ನೊಂದು ಕಡೆಯ ಅರ್ಜಿಯಲ್ಲಿ ಅವನು 51ನ್ನು 61 ಎಂದು ಬರೆದಿದ್ದಾನೆ. ಅಂಕಪಟ್ಟಿಯನ್ನೂ ತಿದ್ದಿಸುವ ಯೋಚನೆಯಲ್ಲಿದ್ದಾನೆ," ಎಂದು ಕಣ್ಣೀರು ತಂದಳು.

ನಾವು ಕೋಪದಿಂದಲೇ ಹೋದೆವು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರಿಗೆ ಉಪದೇಶದ ಮಾತುಗಳಿಗೇನು ಕೊರತೆ? ಎಲ್ಲವನ್ನೂ ಕೇಳಿದ ಹುಡುಗನು ತಲೆಯೆತ್ತದೆ, "ಮಾವ, ನಿಮಗೆ ಹೇಳುವುದು ಸುಲಭ. ನೀವು ಯಾವ ಪರೀಕ್ಷೆಯಲ್ಲಿಯೂ ಬಿದ್ದವರಲ್ಲ," ಎಂದನು. ನಮ್ಮ ಬಾಯಿ ಕಟ್ಟಿಹೋಯಿತು. ಏಕೆಂದರೆ ಆ ಮಾತು ಸುಳ್ಳು. ಆ ಸುಳ್ಳನ್ನು ಮನೆಯಲ್ಲಿ ಬೆಳೆಸಿದವರು ನಾವೇ.

ನಮ್ಮ ಬಿ.ಕಾಂ. ಮೂರನೆಯ ದರ್ಜೆಯದು. ಗುಮಾಸ್ತರಾಗಿ ಸೇರಿದ ಮೇಲೆ, ಬ್ಯಾಂಕು ನೌಕರರು ಬಡತಿಗಾಗಿ ಬರೆಯುವ ವೃತ್ತಿಪರೀಕ್ಷೆಯಲ್ಲಿ ಎರಡು ಸಲ ಲೆಕ್ಕಶಾಸ್ತ್ರದಲ್ಲಿಯೇ ನಪಾಸಾದೆವು. ಮನೆಯಲ್ಲಿ ಮಾತ್ರ, ರಜೆ ಸಿಕ್ಕದೆ ಪರೀಕ್ಷೆಗೆ ಕುಳಿತುಕೊಳ್ಳಲಾಗಲಿಲ್ಲವೆಂದು ಹೇಳಿದೆವು. ಮುಂದೆ ಅಧಿಕಾರಿಗಳಾದೆವು, ಹಳೆಯ ಅಂಕಪಟ್ಟಿಗಳು ಅಟ್ಟದ ಪೆಟ್ಟಿಗೆ ಸೇರಿದವು. ಹಬ್ಬಹುಣ್ಣಿಮೆಗಳಲ್ಲಿ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಮೊದಲ ದರ್ಜೆಯ ಮಹಿಮೆಯನ್ನು ಕೊಂಡಾಡಿದವರೂ ನಾವೇ! ಹುಡುಗನು ತಿದ್ದಲು ಹೊರಟಿದ್ದು ಒಂದು ಅಂಕೆಯನ್ನು. ನಾವು ತಿದ್ದಿದ್ದು ನಮ್ಮ ಚರಿತ್ರೆಯನ್ನೇ.

ಮರುದಿನ ಪೆಟ್ಟಿಗೆಯನ್ನು ಇಳಿಸಿ, ಆ ಕಾಗದಗಳನ್ನು ಅವನ ಮುಂದಿಟ್ಟೆವು. ಅವನು ಬಹಳ ಹೊತ್ತು ನೋಡಿ, "ಮತ್ತೆ ಹೇಗೆ ದಾಟಿದಿರಿ, ಮಾವ?" ಎಂದನು.

ನಮ್ಮ ಶಾಖೆಯ ಹಿರಿಯ ಗುಮಾಸ್ತರೊಬ್ಬರು ಸಂಜೆ ಕದ ಮುಚ್ಚಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಲೆಕ್ಕ ಕಲಿಸಿದುದನ್ನು ಹೇಳಿದೆವು. ಎರಡು ಬದಿಯ ಮೊತ್ತಗಳು ಹೊಂದದೆ ಬಂದ ವ್ಯತ್ಯಾಸವು 9ರಿಂದ ಭಾಗವಾದರೆ, ಎಲ್ಲಿಯೋ ಅಂಕೆಗಳು ಹಿಂದುಮುಂದಾಗಿರಬಹುದೆಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. 850 ರೂಪಾಯಿಯನ್ನು 580 ಎಂದು ಬರೆದರೆ ವ್ಯತ್ಯಾಸ 270; ಅದು ಒಂಬತ್ತರ ಮೂವತ್ತು ಮಡಿ. "ಕೈತಪ್ಪಿ ಬದಲಾದ ಅಂಕೆಯನ್ನು ಹುಡುಕಿ ಸರಿಪಡಿಸಬಹುದಪ್ಪಾ. ಬೇಕೆಂದು ಬದಲಾಯಿಸಿದವನಿಗೆ ಈ ವೃತ್ತಿಯಲ್ಲಿ ಸ್ಥಳವಿಲ್ಲ," ಎಂದೆವು. ಹುಡುಗನು ಅರ್ಜಿಯನ್ನು ತಾನೇ ಹರಿದನು.

ಆಮೇಲೆ ಇಬ್ಬರೂ ಕುಳಿತು, ಯಾವ ಕದ ಮುಚ್ಚಿದೆ, ಯಾವುದು ತೆರೆದಿದೆಯೆಂದು ವಿಚಾರಿಸಿದೆವು. ರಿಸರ್ವ್ ಬ್ಯಾಂಕಿನ 'ಬಿ' ಶ್ರೇಣಿಯ ಅಧಿಕಾರಿಯಾಗಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇಕಡಾ 60 ಬೇಕು, ಅದು ಮುಚ್ಚಿತ್ತು. ಸರಕಾರಿ ಬ್ಯಾಂಕುಗಳ ಅಧಿಕಾರಿಗಳ ಸಾಮಾನ್ಯ ಪರೀಕ್ಷೆಗಾದರೋ ಯಾವುದಾದರೊಂದು ಪದವಿ ಸಾಕು. ಇಷ್ಟೇ ಅಂಕಗಳಿರಬೇಕೆಂಬ ಕಟ್ಟಿಲ್ಲ. ಮ್ಯೂಚುವಲ್ ಫಂಡುಗಳ ವಿತರಕರಾಗುವವರ ಪರೀಕ್ಷೆಯಲ್ಲಿ ಶೇಕಡಾ 50 ಬಂದರೆ ತೇರ್ಗಡೆ. ಅಲ್ಲಿ ಹಳೆಯ ದರ್ಜೆಯನ್ನು ಕೇಳುವವರಿಲ್ಲ. ಹುಡುಗನ ಮನಸ್ಸು ಚಾರ್ಟರ್ಡ್ ಅಕೌಂಟೆಂಟರ ವೃತ್ತಿಯ ಮೇಲೆ ನಿಂತಿತು. ಅಲ್ಲಿ ವಾಣಿಜ್ಯ ಪದವೀಧರರು ಶೇಕಡಾ 55 ಪಡೆದಿದ್ದರೆ ನೇರವಾಗಿ ಇಂಟರ್‌ಮೀಡಿಯೇಟಿಗೆ ಸೇರಬಹುದು; ಕಡಮೆಯಾದರೆ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳೊಡನೆ ಫೌಂಡೇಶನ್ ಪರೀಕ್ಷೆಯಿಂದಲೇ ತೊಡಗಬೇಕು. ನಾಲ್ಕು ಪತ್ರಿಕೆಗಳು, ಪ್ರತಿಯೊಂದರಲ್ಲಿಯೂ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 50 ಬರಬೇಕು.

ಪದವೀಧರನಿಗೆ ಇದು ಅಭಿಮಾನಭಂಗವಲ್ಲವೆ? ಆದರೂ ಅವನು ಒಪ್ಪಿದನು. ಹಗಲು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಅಲ್ಪ ಸಂಬಳಕ್ಕೆ ಸೇರಿ, ವ್ಯಾಪಾರಿಗಳ ಪುಸ್ತಕಗಳನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವ ಕೆಲಸ ಹಿಡಿದನು, ರಾತ್ರಿ ಓದಿದನು. ಕಾಲೇಜಿನಲ್ಲಿ ತಲೆಗೆ ಹತ್ತದಿದ್ದ ಖರ್ಚು-ಜಮೆಯ ಮರ್ಮವು, ಕಿರಾಣಿ ಅಂಗಡಿಯ ಲೆಕ್ಕವು ಕೈಗೆ ಬಂದಾಗ ತಾನಾಗಿ ತಿಳಿಯಿತೆಂದು ಹೇಳುತ್ತಿದ್ದನು.

2024ರ ಜೂನ್ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಆದರೆ ಆ ಸಂಜೆ ಕದವನ್ನು ಯಾರೂ ಮುಚ್ಚಲಿಲ್ಲ. ಅವನೇ ನಮ್ಮ ಮನೆಗೆ ಬಂದು ಅಂಕಗಳನ್ನು ಮೇಜಿನ ಮೇಲಿಟ್ಟು, "ನಾನೂರಕ್ಕೆ 191, ಮಾವ. ಒಂಬತ್ತು ಕಡಮೆ," ಎಂದನು. "ಒಂಬತ್ತೆ? ಹಾಗಾದರೆ ಎಲ್ಲಿಯೋ ಅಂಕೆ ಹಿಂದುಮುಂದಾಗಿರಬೇಕು," ಎಂದೆವು. ಎಷ್ಟೋ ತಿಂಗಳ ಮೇಲೆ ಹುಡುಗನು ನಕ್ಕನು. ಅವನ ತಾಯಿಯೂ ನಕ್ಕಳು. ಸೆಪ್ಟೆಂಬರಿನಲ್ಲಿ ಪುನಃ ಬರೆದು ದಾಟಿದನು. ಈಗ ಇಂಟರ್‌ಮೀಡಿಯೇಟಿನ ಎರಡು ಗುಂಪುಗಳಲ್ಲಿ ಒಂದು ಮುಗಿದಿದೆ. ಇನ್ನೊಂದು ಗುಂಪು, ಎರಡು ವರ್ಷದ ಕಚೇರಿ ತರಬೇತಿ, ಕೊನೆಯ ಪರೀಕ್ಷೆ, ಎಲ್ಲವೂ ಮುಂದಿವೆ. ದಾಟುವನೆಂದು ನಾವು ಪ್ರತಿಜ್ಞೆ ಮಾಡಲಾರೆವು. ದಾಟದಿದ್ದರೂ ನಮ್ಮಿಂದ ಮುಚ್ಚಿಡನೆಂಬುದನ್ನು ಮಾತ್ರ ಬಲ್ಲೆವು.

ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ಅಟ್ಟದ ಮೇಲೆಯೂ ಅಂತಹದೊಂದು ಪೆಟ್ಟಿಗೆಯಿದ್ದರೆ, ಮಕ್ಕಳು ದೊಡ್ಡವರಾಗುವ ಮೊದಲೇ ಅದನ್ನು ಕೆಳಗಿಳಿಸಿರಿ. ನಾವು ಇಳಿಸುವುದಕ್ಕೆ ಬಹಳ ತಡಮಾಡಿದೆವು.