ಎಕ್ಸ್‌ರೇಯಲ್ಲಿ ಕಾಣದ ನೋವು

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ರಾತ್ರಿ ಹತ್ತಾದರೂ ದೀಪ ಆರುವುದಿಲ್ಲ. ಅಂಗಳದಲ್ಲಿ ಕಾಯಿಯ ರಾಶಿ, ಸುತ್ತಲೂ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು. ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಕೂಲಿಯೂ ಸುಲಿದಷ್ಟಕ್ಕೆ. ಹಾಗಾಗಿ ಕೈ ನಿಲ್ಲುವುದಿಲ್ಲ. ತಲೆ ಬಗ್ಗಿಸಿ, ಭುಜ ಬಿಗಿ ಹಿಡಿದು, ಒಂದೇ ಭಂಗಿಯಲ್ಲಿ ನಾಲ್ಕೈದು ಗಂಟೆ ಕೂರುತ್ತಾರೆ.

ಸೀಜನ್ ಮುಗಿಯುವ ಹೊತ್ತಿಗೆ ಕುತ್ತಿಗೆ, ಭುಜ, ಬೆನ್ನು ಹಿಡಿದುಕೊಂಡಿರುತ್ತದೆ. ಮೆಡಿಕಲ್ ಶಾಪಿನಿಂದ ಎರಡು ನೋವಿನ ಮಾತ್ರೆ ತಂದು ನುಂಗಿ ಮತ್ತೆ ಕೂರುವುದು ರೂಢಿ. ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮಗೆ ಇದು ದೂರದ ಸುದ್ದಿಯಲ್ಲ. ಸುಲಿಯುವವರು ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು.

ನಮ್ಮಲ್ಲೊಬ್ಬರ ಚಿಕ್ಕಮ್ಮನಿಗೆ ಬಲಗೈ ಎತ್ತುವುದೇ ಕಷ್ಟವಾಯಿತು. ಜಡೆ ಹಾಕಿಕೊಳ್ಳಲು ಮಗಳನ್ನು ಕರೆಯಬೇಕು. ಬಟ್ಟೆ ಒಣಗಿಸಲು ತಂತಿಗೆ ಕೈ ಎಟುಕದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರು. "ಏನೂ ಇಲ್ಲ" ಎಂದರು. ಮನೆಗೆ ಬಂದಮೇಲೆ ಆ ಮಾತು ಬೇರೆಯೇ ಆಯಿತು. "ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು, ಮತ್ತೆಂಥ ನೋವು?" ಎಂದು ಮನೆಯವರೇ ಕೇಳತೊಡಗಿದರು. ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಫೋಟೋದಲ್ಲಿ ಬರ್ಲಿಲ್ಲ ಅಂತ ನೋವು ಸುಳ್ಳಾಗ್ತದಾ?"

ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವುದು ಮೂಳೆ. ಮಾಂಸಖಂಡದೊಳಗಿನ ಬಿಗಿತ ಅದರಲ್ಲಿ ಕಾಣುವುದಿಲ್ಲ.

ಚಿಕ್ಕಮ್ಮನನ್ನು ನಾವು ಪೇಟೆಯ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು, "ಶುಗರ್ ಉಂಟಾ ಅಮ್ಮಾ?" ಎಂದು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜದ ಕೀಲೇ ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೆಚ್ಚು. ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ. ಚಿಕ್ಕಮ್ಮನಿಗೆ ಶುಗರ್ ಇರಲಿಲ್ಲ. ಆಮೇಲೆ ಕೈಯನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡಿದರು. ಕುತ್ತಿಗೆ ಮತ್ತು ಭುಜದ ನಡುವೆ ಒಂದು ಕಡೆ ಹೆಬ್ಬೆರಳಿಟ್ಟು ಒತ್ತಿದರು. ಚಿಕ್ಕಮ್ಮ "ಅಯ್ಯೋ" ಎಂದು ಕೈ ಒಯ್ದದ್ದು ಕಿವಿಯ ಹಿಂದಕ್ಕೆ. ಒತ್ತಿದ್ದು ಭುಜದ ಮೇಲೆ, ನೋವು ಹೊರಟದ್ದು ತಲೆಗೆ!

ಇಂಥ ಜಾಗಗಳಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಸ್ನಾಯುವಿನೊಳಗೆ ಬೆರಳಿಗೆ ಸಿಗುವ ಗಂಟಿನಂಥ ಬಿಗಿತ ಅದು. ಎಲ್ಲಿ ಒತ್ತಿದರೆ ನೋವು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಹತ್ತಾರು ವರ್ಷ ಗಮನಿಸಿ ನಕ್ಷೆ ಮಾಡಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಜಾನ್ ಕೆನಡಿಗೆ ಚಿಕಿತ್ಸೆ ಕೊಟ್ಟವರೂ ಅವರೇ. 1961ರಲ್ಲಿ ಶ್ವೇತಭವನದ ವೈದ್ಯೆಯಾದರು. ಡೇವಿಡ್ ಸೈಮನ್ಸ್ ಜೊತೆ ಸೇರಿ ಅವರು ಬರೆದ ಪುಸ್ತಕ 1983ರಲ್ಲಿ ಹೊರಬಂತು. ಇಂದಿಗೂ ಈ ನೋವಿನ ಬಗ್ಗೆ ಓದುವವರು ಅದನ್ನು ತೆರೆಯುತ್ತಾರೆ. ಅಧ್ಯಕ್ಷರ ಬೆನ್ನು, ನಮ್ಮ ಚಿಕ್ಕಮ್ಮನ ಭುಜ ಎಂದು ಸ್ನಾಯು ಭೇದ ಮಾಡುವುದಿಲ್ಲ.

ಚಿಕ್ಕಮ್ಮನಿಗೆ ಕೊಟ್ಟ ಚಿಕಿತ್ಸೆಯ ಹೆಸರು ಮಯೋಫೇಶಿಯಲ್ ರಿಲೀಸ್. ಮಯೋ ಎಂದರೆ ಸ್ನಾಯು. ಫೇಶಿಯಾ ಎಂದರೆ ಅದನ್ನು ಸುತ್ತಿದ ಪೊರೆ. ಕಿತ್ತಳೆ ಸುಲಿದರೆ ಒಂದೊಂದು ತೊಳೆಗೂ ತೆಳು ಪೊರೆ ಇರುತ್ತದಲ್ಲ, ಹಾಗೆ. ಕೋಳಿ ಮಾಂಸದ ಮೇಲೆ ಹೊಳೆಯುವ ಬಿಳಿ ಪೊರೆಯನ್ನೂ ನೀವು ನೋಡಿರುತ್ತೀರಿ. ನಮ್ಮ ಮೈಯಲ್ಲಿ ಈ ಪೊರೆ ತಲೆಯಿಂದ ಪಾದದವರೆಗೆ ಹೆಣೆದುಕೊಂಡಿದೆ. ಪದರಗಳು ಒಂದರ ಮೇಲೊಂದು ಜಾರಿದರೆ ಮೈ ಸಲೀಸು. ಗಂಟೆಗಟ್ಟಲೆ ಅಲ್ಲಾಡದೆ ಕೂತರೆ ಬಿಗಿತ.

ನಮ್ಮ ಊರುಗಳಲ್ಲಿ ಎಣ್ಣೆ ಹಚ್ಚಿ ನೀವುವವರು ಇದ್ದಾರೆ. ಇದು ಅದಲ್ಲ. ಇಲ್ಲಿ ಎಣ್ಣೆ ಬಹಳ ಕಡಿಮೆ, ಹಲವೊಮ್ಮೆ ಇಲ್ಲವೇ ಇಲ್ಲ. ಕೈ ಜಾರಬಾರದು. ಬಿಗಿತ ಇರುವಲ್ಲಿ ಕೈಯಿಟ್ಟು, ತಡೆಯುವಷ್ಟೇ ಒತ್ತಡ ಹಾಕಿ, ಒಂದೂವರೆ ನಿಮಿಷದಿಂದ ಐದು ನಿಮಿಷದವರೆಗೆ ಹಾಗೇ ಹಿಡಿಯುತ್ತಾರೆ. ಲಟಕ್ಕೆಂದು ಶಬ್ದ ಬರಿಸುವುದಿಲ್ಲ, ಗುದ್ದುವುದಿಲ್ಲ. ನಿಧಾನಕ್ಕೆ ಕೈ ಕೆಳಗೆ ಬಿಗಿತ ಸಡಿಲುತ್ತದೆ. ಆಮೇಲೆ ಕೈ ಎತ್ತಿಸಿ, ತಿರುಗಿಸಿ ವ್ಯಾಯಾಮ ಮಾಡಿಸುತ್ತಾರೆ.

ನಾಲ್ಕನೇ ಸಲಕ್ಕೆ ಚಿಕ್ಕಮ್ಮ ತಾವೇ ಜಡೆ ಹಾಕಿಕೊಂಡರು. ನೋವು ಪೂರ್ತಿ ಹೋಗಿಲ್ಲ, ಆದರೆ ಕೈ ಅವರ ಮಾತು ಕೇಳುತ್ತಿದೆ.

ಇದೇನು ಪವಾಡವಲ್ಲ. ಗಟ್ಟಿ ಪೊರೆಯನ್ನು ಬರೀ ಕೈಯಿಂದ ಹಿಗ್ಗಿಸುವುದು ಸುಲಭವಲ್ಲ. ನರಗಳಿಗೆ ಸಿಗುವ ನಿರಾಳದಿಂದ ಬಿಗಿತ ಬಿಡುತ್ತದೆ ಎನ್ನುವ ತಜ್ಞರಿದ್ದಾರೆ. ಕೈ ಚಿಕಿತ್ಸೆಯಿಂದ ಸಿಗುವುದು ಹೆಚ್ಚಾಗಿ ಕೆಲವು ದಿನಗಳ ಆರಾಮ. ಆ ಆರಾಮದಲ್ಲಿ ವ್ಯಾಯಾಮ ಮಾಡಿದರೆ ಮಾತ್ರ ಅದು ಉಳಿಯುತ್ತದೆ. ಹತ್ತು ಸಲ ಮಲಗಿ ಎದ್ದು ಮತ್ತೆ ಅದೇ ಭಂಗಿಯಲ್ಲಿ ಸುಲಿಯಲು ಕೂತರೆ ದುಡ್ಡು ದಂಡ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಮಕ್ಕಳು ಕ್ರಿಕೆಟ್ ಆಡುವ ಟೆನಿಸ್ ಚೆಂಡು ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ಚೆಂಡನ್ನು ಹೆಗಲ ಹಿಂದಿನ ಮಾಂಸದ ಜಾಗಕ್ಕೆ ಇಟ್ಟು ಮೆಲ್ಲಗೆ ಒರಗಿ. ಒಂದು ನಿಮಿಷ, ಉಸಿರು ಬಿಗಿ ಹಿಡಿಯದೆ. ಬೆನ್ನುಮೂಳೆಯ ಮೇಲೆ ಬೇಡ, ಕುತ್ತಿಗೆಯ ಮುಂಭಾಗಕ್ಕಂತೂ ಬೇಡವೇ ಬೇಡ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಎರಡೂ ಕೈ ಮೇಲೆತ್ತಿ ಇಳಿಸಿ. ಎರಡು ನಿಮಿಷಕ್ಕೆ ಕೂಲಿ ಹೋಗುವುದಿಲ್ಲ, ಭುಜ ಹೋದರೆ ಸೀಜನ್ನೇ ಹೋಗುತ್ತದೆ.

ಕೆಲವು ನೋವಿಗೆ ಮಾತ್ರ ಚೆಂಡೂ ಬೇಡ, ಮಸಾಜೂ ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಬೇಕು. ಎದೆಯಿಂದ ಭುಜಕ್ಕೋ ದವಡೆಗೋ ಹರಿಯುವ ನೋವು, ಜೊತೆಗೆ ಬೆವರು ಅಥವಾ ಏದುಸಿರು ಇದ್ದರೆ ಅದು ಹೃದಯದ್ದಿರಬಹುದು, ಒಂದು ನಿಮಿಷವೂ ಕಾಯಬೇಡಿ. ಕೈ ಜೋಮು ಹಿಡಿದು ಬಲ ಕಡಿಮೆಯಾಗುವುದು, ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಮೂಳೆ ಸವೆದವರು ಒತ್ತಿಸಿಕೊಳ್ಳುವ ಮೊದಲೇ ಅದನ್ನು ಹೇಳಬೇಕು. ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು.

ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲೂ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯ ಹೆಂಗಸರು "ಭುಜ ನೋವು" ಎಂದಾಗ ರಿಪೋರ್ಟ್ ಕೇಳುವ ಮೊದಲು ಒಂದು ಕೆಲಸ ಮಾಡಿ: ಅವರು ಕೂತ ಜಾಗದಲ್ಲಿ ನೀವು ಒಂದು ಗಂಟೆ ಕೂತು ಸುಲಿಯಿರಿ.