ಫೋಟೊ ಎಲ್ಲಿ ಹೋಯಿತು?

ಹಳೆಯ ಸುದ್ದಿಯ ಲಿಂಕ್ ಒತ್ತುತ್ತೀರಿ. ಬರಹ ಬರುತ್ತದೆ, ಫೋಟೊ ಬರುವುದಿಲ್ಲ. ಫೋಟೊ ಇರಬೇಕಾದ ಜಾಗದಲ್ಲಿ ಹರಿದ ಕಾಗದದ ಗುರುತಿನ ಒಂದು ಖಾಲಿ ಚೌಕ. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಮುಂದೆ ಹೋಗುತ್ತೀರಿ. ಎಷ್ಟೋ ಸಲ ತಪ್ಪು ನೆಟ್‌ವರ್ಕಿನದಲ್ಲ. ಫೋಟೊ ಆ ಪುಟದಲ್ಲಿ ಮೊದಲಿನಿಂದಲೂ ಇರಲೇ ಇಲ್ಲ.

ಈ ಮಾತು ವಿಚಿತ್ರ ಅನ್ನಿಸಬಹುದು. ಆದರೆ ಇಂಟರ್ನೆಟ್ಟಿನ ಪುಟ ಅಂದರೆ ಬರೀ ಅಕ್ಷರ. ಫೋಟೊ ಬೇರೆ ಕಡೆ ಇರುತ್ತದೆ, ಪುಟದಲ್ಲಿ ಅದರ ವಿಳಾಸ ಮಾತ್ರ ಬರೆದಿರುತ್ತದೆ. 'ಇಂಥ ಸರ್ವರಿನ ಇಂಥ ಫೋಲ್ಡರಿನಲ್ಲಿ ಇಂಥ ಹೆಸರಿನ ಫೋಟೊ ಇದೆ, ತಂದು ಇಲ್ಲಿ ತೋರಿಸು' ಅಂತ ಪುಟ ನಿಮ್ಮ ಮೊಬೈಲಿಗೆ ಹೇಳುತ್ತದೆ, ಮೊಬೈಲು ಹೋಗಿ ತರುತ್ತದೆ. ಆ ವಿಳಾಸದಲ್ಲಿ ಫೋಟೊ ಇಲ್ಲದಿದ್ದರೆ ಖಾಲಿ ಚೌಕ. ಮದುವೆ ಕಾರ್ಡಿನಲ್ಲಿ ಕಲ್ಯಾಣ ಮಂಟಪದ ವಿಳಾಸ ಇರುತ್ತದಲ್ಲ, ಹಾಗೆ. ಕಾರ್ಡು ನಿಮ್ಮ ಕೈಯಲ್ಲಿ ಭದ್ರವಾಗಿದೆ ಅಂದಮಾತ್ರಕ್ಕೆ ಮಂಟಪ ಅಲ್ಲೇ ಇರಬೇಕಂತಿಲ್ಲ.

ಡಿಪ್ಲೊಮಾದಲ್ಲಿ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಹೆಡ್ಡಿಂಗ್ ಹೇಗೆ ಕೊಡಬೇಕು, ಇಂಟ್ರೊ ಹೇಗೆ ಬರೆಯಬೇಕು, ಕ್ಯಾಪ್ಶನ್ನಿನಲ್ಲಿ ಏನಿರಬೇಕು ಅನ್ನುವುದೆಲ್ಲ ಕಲಿತೆವು. ಕ್ಯಾಪ್ಶನ್ ಉಳಿದು ಫೋಟೊ ಮಾಯವಾದರೆ ಏನು ಮಾಡಬೇಕು ಅನ್ನುವುದು ಪಾಠದಲ್ಲಿ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು 2019ರ ಹೊಳೆ.

ಆ ಆಗಸ್ಟ್ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿತು. ನೀರು ಇಳಿದ ಮೇಲೆ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದವು. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವರ್ಗ ಮಾಡಿದರು. ಎ ಅಂದರೆ ಪೂರ್ತಿ ಬಿದ್ದದ್ದು, ಸಿ ಅಂದರೆ ಅಲ್ಪಸ್ವಲ್ಪ ಹಾನಿ. ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ಒಂದು ಅಕ್ಷರದ ಮೇಲೆ ಒಂದು ಮನೆತನದ ಹಣೆಬರಹ ನಿಂತಿತ್ತು.

ಆಗ ನಾನು ಒಂದು ವೆಬ್ ಪೋರ್ಟಲ್ಲಿಗೂ ಬರೆಯುತ್ತಿದ್ದೆ. ಮಲಪ್ರಭೆ ದಂಡೆಯ ಒಂದು ಊರಿನ ಬಿದ್ದ ಮನೆಗಳ ಬಗ್ಗೆ ಫೋಟೊ ಸಮೇತ ವರದಿ ಕಳಿಸಿದೆ, ಪ್ರಕಟವೂ ಆಯಿತು. ಎರಡು ವರ್ಷದ ಮೇಲೆ ಆ ಪೋರ್ಟಲ್ ಹೊಸ ಸರ್ವರಿಗೆ ಹೋಯಿತು. ಬರಹಗಳನ್ನು ಒಯ್ದರು, ಹಳೆಯ ಫೋಟೊಗಳನ್ನು ಒಯ್ಯಲಿಲ್ಲ. ಅಷ್ಟರಲ್ಲಿ ಆ ಫೋಟೊ ತೆಗೆದಿದ್ದ ನನ್ನ ಮೊಬೈಲೂ ಸತ್ತಿತ್ತು.

ಆ ಊರಿನ ಒಬ್ಬ ಆಯಿ ಮೊಮ್ಮಗನ ಜತೆ ನನ್ನನ್ನು ಹುಡುಕಿಕೊಂಡು ಬಂದಳು. ಆಕೆಯ ಮನೆ ಸಿ ವರ್ಗಕ್ಕೆ ಸೇರಿತ್ತು. ಮರುಪರಿಶೀಲನೆಗೆ ಅರ್ಜಿ ಕೊಡಬೇಕು, ಅದಕ್ಕೆ ಮನೆ ಬಿದ್ದ ಫೋಟೊ ಬೇಕು. ಮೊಮ್ಮಗ ಮೊಬೈಲಿನಲ್ಲಿ ನನ್ನ ವರದಿ ತೆರೆದು ತೋರಿಸಿದ. 'ಮುಂಗೋಡೆ ಪೂರ್ತಿ ಕುಸಿದಿರುವ ಮನೆ' ಅನ್ನುವ ಕ್ಯಾಪ್ಶನ್ ಇದೆ, ಮೇಲೆ ಖಾಲಿ ಚೌಕ.

"ತಮ್ಮಾ, ನೀ ಬರದದ್ದು ಐತಿ. ನನ್ನ ಮನಿ ಎಲ್ಲೈತಿ?" ಅಂದಳು.

ಉತ್ತರ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ನಮ್ಮ ಬಳಗದ ಒಬ್ಬ ಗೆಳೆಯನ ಹತ್ತಿರ. ಹೊಳೆ ಬಂದ ದಿನಗಳಲ್ಲಿ ಟವರುಗಳಿಗೆ ಕರೆಂಟ್ ಇಲ್ಲದೆ ಸಿಗ್ನಲ್ ಬರುತ್ತಿರಲಿಲ್ಲ. ಪರಿಹಾರ ಸಾಮಾನು ತರುವ ಹುಡುಗರಿಗೆ ಯಾವ ಮನೆ ಬಿದ್ದಿದೆ, ಯಾರು ಎಲ್ಲಿದ್ದಾರೆ ಅಂತ ತೋರಿಸಲು ಅವನು ಒಂದೇ ಒಂದು ಪುಟ ಮಾಡಿದ್ದ. ನಾನು ತೆಗೆದ ಫೋಟೊಗಳೂ ಸೇರಿ ಅದರಲ್ಲಿ 14 ಮನೆಗಳ ಫೋಟೊ ಇದ್ದವು. ಆ ಪುಟವನ್ನು ಇಂಟರ್ನೆಟ್ಟಿಗೆ ಹಾಕಲೇ ಇಲ್ಲ. ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತಿನಲ್ಲಿ, ಶೇರ್‌ಇಟ್‌ನಲ್ಲಿ ದಾಟಿಸಿದ. ನೆಟ್ ಇಲ್ಲದಿದ್ದರೂ ಫೋಟೊ ಕಾಣುತ್ತಿದ್ದವು, ಯಾಕೆಂದರೆ ಅವನು ಫೋಟೊಗಳ ವಿಳಾಸ ಬರೆದಿರಲಿಲ್ಲ. ಫೋಟೊಗಳನ್ನೇ ಅಕ್ಷರ ಮಾಡಿ ಪುಟದೊಳಗೆ ಬರೆದಿಟ್ಟಿದ್ದ. ಆ ಊರಿನ ಒಬ್ಬ ಹುಡುಗನ ಮೆಮೊರಿ ಕಾರ್ಡಿನಲ್ಲಿ ಫೈಲ್ ಹಾಗೇ ಉಳಿದಿತ್ತು. ತೆರೆದೆವು. ಆಯಿಯ ಮನೆ, ಬಿದ್ದ ಗೋಡೆ, ಒಂಟಿಯಾಗಿ ನಿಂತ ಬಾಗಿಲ ಚೌಕಟ್ಟು, ಎಲ್ಲ ಇತ್ತು.

ಫೋಟೊ ಅಕ್ಷರ ಆಗುವುದು ಹೇಗೆ? ಇದಕ್ಕೆ ಬೇಸ್64 ಅನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಸಣ್ಣದು.

ಮೊಬೈಲಿನೊಳಗೆ ಫೋಟೊ ಅಂದರೆ ಸೊನ್ನೆ ಮತ್ತು ಒಂದರ ಉದ್ದನೆಯ ಸಾಲು. ಎಂಟೆಂಟು ಸೇರಿ ಒಂದು ಬೈಟ್. ಮೂರು ಬೈಟ್ ತೆಗೆದುಕೊಂಡರೆ 24 ಕಾಳು ಇದ್ದಂತೆ. ಎಂಟೆಂಟರ ಮೂರು ಗುಂಪು ಮಾಡಿಟ್ಟಿದ್ದ ಆ 24 ಕಾಳನ್ನು ಆರಾರರ ನಾಲ್ಕು ಗುಂಪು ಮಾಡಿ. ಕಾಳು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಸೊನ್ನೆ ಅಥವಾ ಒಂದು ಇರುವ ಆರು ಜಾಗವನ್ನು 64 ರೀತಿಯಲ್ಲಿ ತುಂಬಬಹುದು, ಎರಡನ್ನು ಆರು ಸಲ ಗುಣಿಸಿದರೆ 64. ಆ ಒಂದೊಂದು ರೀತಿಗೂ ಒಂದೊಂದು ಅಕ್ಷರ ಗೊತ್ತು ಮಾಡಿದ್ದಾರೆ. ಇಂಗ್ಲಿಷಿನ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಕೂಡು ಚಿಹ್ನೆ ಒಂದು, ಓರೆಗೆರೆ ಒಂದು. ಒಟ್ಟು 64. ಕೊನೆಯ ಗುಂಪಿಗೆ ಕಾಳು ಸಾಲದೆ ಬಂದರೆ ಸಮ ಚಿಹ್ನೆ ಹಾಕಿ ತುಂಬಿಸುತ್ತಾರೆ. ಹೀಗೆ ಫೋಟೊ ಒಂದು ಉದ್ದನೆಯ ಅರ್ಥವಿಲ್ಲದ ಅಕ್ಷರಸಾಲಾಗುತ್ತದೆ. ಅದರ ಮುಂದೆ 'ಇದು ಜೆಪೆಗ್ ಫೋಟೊ, ಬೇಸ್64ರಲ್ಲಿ ಬರೆದದ್ದು' ಅನ್ನುವ ಸಣ್ಣ ಚೀಟಿ ಹಚ್ಚಿ, ಪುಟದಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಇಟ್ಟರೆ ಮುಗಿಯಿತು. ಮೊಬೈಲು ಲೆಕ್ಕವನ್ನು ಹಿಂದುಮುಂದು ಮಾಡಿ ಫೋಟೊ ತೋರಿಸುತ್ತದೆ.

ಜೆಪೆಗ್ ಫೋಟೊ ಯಾರದೇ ಆಗಿರಲಿ, ಅಕ್ಷರ ಮಾಡಿದಾಗ ಶುರುವಾಗುವುದು ಒಂದೇ ರೀತಿ: ಓರೆಗೆರೆ, ಒಂಬತ್ತು, ಸಣ್ಣ ಜೆ, ಮತ್ತೆ ಓರೆಗೆರೆ. ಎಲ್ಲ ಜೆಪೆಗ್ ಫೈಲುಗಳ ಮೊದಲ ಮೂರು ಬೈಟ್ ಒಂದೇ ಆಗಿರುವುದು ಇದಕ್ಕೆ ಕಾರಣ. ಈಗ ಅಂಥ ಸಾಲು ಕಂಡರೆ ಇದೊಂದು ಫೋಟೊ ಅಂತ ನನಗೆ ಗೊತ್ತಾಗುತ್ತದೆ. ನಮ್ಮ ಕನ್ನಡಕ್ಕೂ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಮೊಬೈಲಿನಲ್ಲಿ ನೀವು ಓದುವ ಯೂನಿಕೋಡ್ ಕನ್ನಡದಲ್ಲಿ 'ಕ' ಅನ್ನುವುದಕ್ಕೆ ಸಾಮಾನ್ಯವಾಗಿ ಸರಿಯಾಗಿ ಮೂರು ಬೈಟ್. ಬೇಸ್64ಕ್ಕೆ ಹಾಕಿದರೆ ನಾಲ್ಕು, ಎಲ್, ಕೆ, ವಿ ಅನ್ನುವ ನಾಲ್ಕು ಗುರುತು. ಮೂರಕ್ಕೆ ನಾಲ್ಕು, ಉಳಿಕೆ ಇಲ್ಲ.

ಇಷ್ಟೆಲ್ಲ ಸರ್ಕಸ್ ಯಾಕೆ ಬೇಕಾಯಿತು ಅನ್ನುವುದಕ್ಕೂ ಒಂದು ಕತೆ ಇದೆ. ಮೊದಮೊದಲು ಇಮೇಲ್ ಇಂಗ್ಲಿಷ್ ಅಕ್ಷರ ಕಳಿಸಲು ಮಾತ್ರ ಮಾಡಿದ ದಾರಿ. ಫೋಟೊ ತೂರಿಸಿದರೆ ನಡುವೆ ಕೆಡುತ್ತಿತ್ತು. ದಾರಿಯಲ್ಲಿ ಅಕ್ಷರ ಮಾತ್ರ ಹೋಗುತ್ತದೆ ಅಂದಮೇಲೆ ಫೋಟೊಗೂ ಅಕ್ಷರದ ವೇಷ ಹಾಕಿಸಬೇಕಾಯಿತು. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೇರಿ ಆನ್ ಹಾರ್ಟನ್ ಇಂಥ ಒಂದು ವಿಧಾನ ಬರೆದರು. ಆಮೇಲೆ ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಅನ್ನುವ ನಿಯಮ ಮಾಡಿದರು, ಅದರಲ್ಲಿ ಬೇಸ್64 ಬಂತು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಹಾಡುವ ತಂಡದ ಫೋಟೊ ಮತ್ತು ಹಾಡನ್ನು ಇಮೇಲಿಗೆ ಲಗತ್ತಿಸಿ ಕಳಿಸಿದರು. ಇವತ್ತು ನಾವು ಇಮೇಲಿಗೆ ಪಿಡಿಎಫ್ ಲಗತ್ತಿಸುವುದು ಅದರ ಮುಂದುವರಿಕೆ. 1998ರ ಆಗಸ್ಟಿನಲ್ಲಿ ಲ್ಯಾರಿ ಮಾಸಿಂಟರ್ ಬರೆದ ನಿಯಮದಿಂದ ಅದೇ ಅಕ್ಷರಸಾಲನ್ನು ವೆಬ್ ಪುಟದೊಳಗೂ ಇಡಬಹುದಾಯಿತು.

ನಮ್ಮ ಜಿಲ್ಲೆಯ ಹಿರಿಯ ವರದಿಗಾರರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರ ಕಾಲದಲ್ಲಿ ಸುದ್ದಿ ಟೆಲಿಗ್ರಾಂನಲ್ಲಿ ಹೋಗುತ್ತಿತ್ತು, ಫೋಟೊ ಮಾತ್ರ ಕವರಿನಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಅಕ್ಷರದ ದಾರಿ ಬೇರೆ, ಫೋಟೊದ ದಾರಿ ಬೇರೆ. ಬಸ್ಸು ಕೆಟ್ಟರೆ ಮರುದಿನದ ಪೇಪರಿನಲ್ಲಿ ಫೋಟೊ ಇಲ್ಲ. ಖಾಲಿ ಚೌಕ ಆಗಲೂ ಇತ್ತು ಅಂತಾಯಿತು.

ಹಾಗಾದರೆ ಎಲ್ಲ ಫೋಟೊಗಳನ್ನೂ ಹೀಗೇ ಪುಟದೊಳಗೆ ಇಟ್ಟುಬಿಡಬಹುದಲ್ಲ ಅನ್ನಬಹುದು. ಆಗುವುದಿಲ್ಲ, ಅದರ ಖರ್ಚು ಬೀಳುವುದು ನಿಮ್ಮ ಮೇಲೆ.

ಮೂರು ಬೈಟ್ ನಾಲ್ಕು ಅಕ್ಷರ ಆಗುತ್ತದೆ ಅಂದರೆ ತೂಕ ಮೂರನೇ ಒಂದು ಭಾಗ ಹೆಚ್ಚಿತು. 3 ಎಂಬಿಯ ಫೋಟೊ 4 ಎಂಬಿ ಆಗುತ್ತದೆ. ಫೋಟೊ ಬೇರೆ ಇದ್ದರೆ ಬರಹ ಮೊದಲು ಬಂದು, ನೀವು ಕೆಳಗೆ ಸರಿಸಿದಂತೆ ಫೋಟೊ ಒಂದೊಂದಾಗಿ ಬರುವ ಹಾಗೆ ಮಾಡಬಹುದು. ಓದದೆ ಬಿಟ್ಟರೆ ಆ ಡೇಟಾ ಉಳಿಯುತ್ತದೆ. ಒಳಗೇ ಇಟ್ಟರೆ ನೋಡಿದರೂ ನೋಡದಿದ್ದರೂ ಅಷ್ಟೂ ಇಳಿಯಲೇಬೇಕು. ಇನ್ನೊಂದು ಮಾತು. ನಮ್ಮ ಬ್ಲಾಗಿನ ಹಣೆಪಟ್ಟಿಯ ಚಿತ್ರ ಬೇರೆ ಫೈಲಾಗಿದ್ದರೆ ನಿಮ್ಮ ಮೊಬೈಲು ಒಮ್ಮೆ ತಂದು ಇಟ್ಟುಕೊಳ್ಳುತ್ತದೆ, ಮುಂದಿನ ಪುಟಕ್ಕೂ ಅದನ್ನೇ ಬಳಸುತ್ತದೆ. ಪ್ರತಿ ಪುಟದೊಳಗೂ ಬರೆದಿಟ್ಟರೆ ಪ್ರತಿ ಸಲವೂ ಹೊಸದಾಗಿ ತರಬೇಕು. ಗುಡ್ಡದ ಹಿಂದಿನ ಊರಿನಲ್ಲಿ ಒಂದು ಗೆರೆ ಸಿಗ್ನಲ್ಲಿನಲ್ಲಿ ಓದುವವರಿಗೆ ಇದು ಸಣ್ಣ ಮಾತಲ್ಲ.

ನನ್ನ ಗೆಳೆಯ ಇದನ್ನು ತಿಳಿದೇ ಮಾಡಿದ್ದ. 14 ಫೋಟೊಗಳನ್ನೂ ಮೊದಲು ತಲಾ 30 ಕೆಬಿಗೆ ಇಳಿಸಿದ್ದ. ಒಟ್ಟು 420 ಕೆಬಿ, ಅಕ್ಷರ ಮಾಡಿದ ಮೇಲೆ 560 ಕೆಬಿ. ಯಾವ ಹಳೆಯ ಸೆಟ್ಟಿನಲ್ಲೂ ತೆರೆಯುತ್ತದೆ. ಪ್ರತಿ ಫೋಟೊದ ಕೆಳಗೆ ತಾರೀಖು, ಓಣಿ, ಮನೆಯವರ ಹೆಸರು ಟೈಪ್ ಮಾಡಿದ್ದ. ಅರ್ಜಿಯ ಹೊತ್ತಿಗೆ ಬಹಳ ಉಪಯೋಗಕ್ಕೆ ಬಂದದ್ದು ಆ ಮೂರು ವಿವರ.

ಇನ್ನೊಂದು ಎಚ್ಚರ ಹೇಳಬೇಕು. ಅರ್ಥವಾಗದ ಅಕ್ಷರಸಾಲು ಕಂಡರೆ ಬೀಗ ಹಾಕಿದ್ದಾರೆ, ಯಾರೂ ನೋಡಲಾರರು ಅನ್ನಿಸುತ್ತದೆ. ಬೇಸ್64 ಬೀಗ ಅಲ್ಲ, ಬರೀ ವೇಷ. ಯಾರು ಬೇಕಾದರೂ ಒಂದು ಕ್ಷಣದಲ್ಲಿ ಬಿಚ್ಚಬಹುದು. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಫೈಲಿನಲ್ಲಿ ಹೆಸರು, ವಿಳಾಸದ ಜತೆ ನಿಮ್ಮ ಫೋಟೊ ಕೂಡ ಇದೇ ಬೇಸ್64 ಸಾಲಾಗಿ ಇರುತ್ತದೆ. ಆ ಫೈಲಿಗೆ ಇರುವ ಬೀಗ ನೀವು ಹಾಕುವ ಶೇರ್ ಕೋಡ್ ಮಾತ್ರ. ಕೋಡನ್ನೂ ಫೈಲನ್ನೂ ಒಟ್ಟಿಗೆ ಕಂಡವರಿಗೆ ಕಳಿಸಬೇಡಿ. ಹಾಗೆಯೇ ಗುರುತಿಲ್ಲದವರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಎಚ್‌ಟಿಎಂಎಲ್ ಫೈಲ್ ತೆರೆದು ಅದರಲ್ಲಿ ಪಾಸ್‌ವರ್ಡ್, ಓಟಿಪಿ ತುಂಬಬೇಡಿ. ಫೋಟೊ ಹೊತ್ತು ತರುವ ಫೈಲು ಮೋಸವನ್ನೂ ಹೊತ್ತು ತರಬಲ್ಲದು.

ಆಯಿಯ ಅರ್ಜಿಯ ಮಾತು. ಫೋಟೊವನ್ನು ಪುಟದಿಂದ ಬಿಡಿಸಿ ಪ್ರಿಂಟ್ ಹಾಕಿಸಿ ಲಗತ್ತಿಸಿದೆವು. ಫೋಟೊ ಒಂದರಿಂದಲೇ ವರ್ಗ ಬದಲಾಗುವುದಿಲ್ಲ, ಸಮೀಕ್ಷೆಯ ದಾಖಲೆ ಬೇಕು ಅಂದರು. ಸ್ವೀಕೃತಿ ಕೊಟ್ಟರು. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ. ಇನ್ನೊಂದು ಪ್ರಿಂಟ್ ಆಕೆ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ. "ಮನಿ ಇತ್ತು ಅನ್ನಾಕರ ಒಂದು ಗುರ್ತು ಇರಲಿ" ಅಂದಳು.

ನಮ್ಮ ಬಳಗದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಜಾತ್ರೆ, ಸಭೆ, ಬೆಳೆಯ ದೊಡ್ಡ ಫೋಟೊಗಳು ಬೇರೆಯೇ ಇರುತ್ತವೆ, ನಿಮ್ಮ ಡೇಟಾ ಉಳಿಯಲಿ ಅಂತ. ಮನೆ ಹಾನಿ, ಬೆಳೆ ಹಾನಿ, ಒಡೆದ ಕೆರೆ ಏರಿ, ಕುಸಿದ ಶಾಲೆ ಚಾವಣಿ, ಹೀಗೆ ನಾಳೆ ಯಾರಾದರೂ ಸಾಕ್ಷಿ ಕೇಳಬಹುದಾದ ವರದಿಗಳಿಗೆ ಫೋಟೊ ಒಳಗಿಟ್ಟ ಒಂದೇ ಫೈಲನ್ನೂ ಕೊಡುತ್ತೇವೆ, ತಾರೀಖು ಮತ್ತು ಜಾಗದ ಸಮೇತ. ಅಸಲು ಫೋಟೊವನ್ನು ಬೇರೆ ಮೆಮೊರಿ ಕಾರ್ಡಿನಲ್ಲಿ ಇಡುತ್ತೇವೆ, ಇಳಿಸಿದ ಪ್ರತಿ ಅಸಲಿನ ಜಾಗ ತುಂಬುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟೆ. ನಿಮ್ಮ ಊರಿಗೆ ಸಂಬಂಧಿಸಿದ ಇಂಥ ವರದಿ ಕಂಡರೆ ಲಿಂಕ್ ಮಾತ್ರ ಇಟ್ಟುಕೊಳ್ಳಬೇಡಿ, ಫೈಲನ್ನೇ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಡೇಟಾ ಆಫ್ ಮಾಡಿ ಒಮ್ಮೆ ತೆರೆದು ನೋಡಿ. ಫೋಟೊ ಕಂಡರೆ ಅದು ನಿಮ್ಮ ಕೈಯಲ್ಲಿದೆ ಅಂತ ಅರ್ಥ. ಆಮೇಲೆ ಮನೆಯ ಇನ್ನೊಂದು ಮೊಬೈಲಿಗೂ ಒಂದು ಪ್ರತಿ ಹಾಕಿಡಿ.